ಕಾರಣ ಕೇಳುವವರು ಯಾರು? ಹೆದ್ದಾರಿ 766ರ ಅಪಘಾತಗಳು ಮತ್ತು ಸರ್ಕಾರಿ ಸಂಶೋಧನೆ



2024ರ ಅಕ್ಟೋಬರ್ 11ರ ರಾತ್ರಿ, ಮೈಸೂರಿನಿಂದ ದರ್ಭಂಗಾಕ್ಕೆ ಹೊರಟಿದ್ದ ಬಾಗಮತಿ ಎಕ್ಸ್‌ಪ್ರೆಸ್ ಚೆನ್ನೈ ದಾಟಿ ಕವರೈಪೆಟ್ಟೈ ನಿಲ್ದಾಣಕ್ಕೆ ಬಂತು. ಮುಖ್ಯ ಹಳಿಯಲ್ಲಿ ಸಾಗಬೇಕಾದ ಗಾಡಿ ಪಕ್ಕದ ಲೂಪ್ ಹಳಿಗೆ ನುಗ್ಗಿ, ಅಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಹಿಂದಿನಿಂದ ಗುದ್ದಿತು. ಬೋಗಿಗಳು ಹಳಿ ತಪ್ಪಿದವು, ಬೆಂಕಿ ಹತ್ತಿತು, ಹಲವರಿಗೆ ಗಾಯವಾಯಿತು. ಪುಣ್ಯಕ್ಕೆ ಒಬ್ಬರ ಜೀವವೂ ಹೋಗಲಿಲ್ಲ. ಆದರೂ ಬೆಂಗಳೂರಿನಲ್ಲಿ ಕಚೇರಿ ಇರುವ ದಕ್ಷಿಣ ವೃತ್ತದ ರೈಲ್ವೆ ಸುರಕ್ಷತಾ ಆಯುಕ್ತರು ಸ್ಥಳಕ್ಕೆ ಹೋದರು. ಹಳಿ ನೋಡಿದರು, ಸಿಗ್ನಲ್ ದಾಖಲೆ ತರಿಸಿದರು, ಚಾಲಕರನ್ನೂ ಸ್ಟೇಷನ್ ಸಿಬ್ಬಂದಿಯನ್ನೂ ಕರೆಸಿ ಹೇಳಿಕೆ ಪಡೆದರು.

ಅದಕ್ಕೆ ಸುಮಾರು ಒಂದೂವರೆ ವರ್ಷ ಮುಂಚೆ, 2023ರ ಮೇ 29ರಂದು, ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಹತ್ತಿರ ಕೊಳ್ಳೇಗಾಲ ರಸ್ತೆಯಲ್ಲಿ ಒಂದು ಕಾರು, ಒಂದು ಖಾಸಗಿ ಬಸ್ಸು ಮುಖಾಮುಖಿಯಾದವು. ಕಾರಿನಲ್ಲಿದ್ದವರು ಬಳ್ಳಾರಿ ಪಕ್ಕದ ಸಂಗನಕಲ್ಲಿನವರು. ಬೆಟ್ಟ, ಗುಡಿ ನೋಡಿಕೊಂಡು ಹೋಗೋಣವೆಂದು ನಮ್ಮ ಸೀಮೆಗೆ ಬಂದಿದ್ದರು. ಮಕ್ಕಳೂ ಸೇರಿ 10 ಜನ ತೀರಿಕೊಂಡರು. ಪರಿಹಾರ ಘೋಷಣೆಯಾಯಿತು, ಪೊಲೀಸರು ಕೇಸು ದಾಖಲಿಸಿಕೊಂಡರು. ಬಸ್ಸಿನ ಮುಂಭಾಗದ ಕ್ಯಾಮೆರಾದಲ್ಲಿ ಸೆರೆಯಾದ ದೃಶ್ಯ ಎರಡು ದಿನ ನಾಡಿನ ಮೊಬೈಲುಗಳಲ್ಲೆಲ್ಲ ಹರಿದಾಡಿತು. ಆಮೇಲೆ ಬೇರೆ ಸುದ್ದಿ ಬಂತು.

ಯಾರೂ ಸಾಯದ ರೈಲು ಅಪಘಾತಕ್ಕೆ ಒಬ್ಬ ಆಯುಕ್ತರ ವಿಚಾರಣೆ. 10 ಜನ ಸತ್ತ ರಸ್ತೆ ಅಪಘಾತಕ್ಕೆ ಠಾಣೆಯ ಒಂದು ಎಫ್‌ಐಆರ್. ಇದರಲ್ಲಿ ಪೊಲೀಸರ ತಪ್ಪೇನೂ ಇಲ್ಲ. ಕಾನೂನು ಅವರಿಗೆ ವಹಿಸಿರುವ ಕೆಲಸವೇ ಬೇರೆ. ಆಗ ಐಪಿಸಿಯ 279, 304ಎ ಕಲಮುಗಳಿದ್ದವು, ಈಗ ಭಾರತೀಯ ನ್ಯಾಯ ಸಂಹಿತೆಯ 281, 106 ಇವೆ. ಎರಡೂ ಕೇಳುವುದು ಯಾರು ತಪ್ಪು ಮಾಡಿದರು ಎಂದು. ಯಾಕೆ ಹೀಗಾಯಿತು, ಇನ್ನೊಮ್ಮೆ ಆಗದಂತೆ ಯಾವುದನ್ನು ಬದಲಿಸಬೇಕು ಎಂದು ಕೇಳುವ ಕುರ್ಚಿಯೇ ನಮ್ಮ ರಸ್ತೆಗಳಿಗೆ ಇಲ್ಲ. ಹೊಸ ಸಾರಿಗೆ ತಂತ್ರಜ್ಞಾನ, ಸುರಕ್ಷತೆಯ ಸರ್ಕಾರಿ ಸಂಶೋಧನೆ ಎಂಬ ದೊಡ್ಡ ವಿಷಯವನ್ನು ಈ ದತ್ತಿ ಉಪನ್ಯಾಸದ ಸಂಘಟಕರು ಕೊಟ್ಟಾಗ, ಅದನ್ನು ಈ ಖಾಲಿ ಕುರ್ಚಿಯ ಕಡೆಯಿಂದಲೇ ನೋಡುವುದೆಂದು ತೀರ್ಮಾನಿಸಿದೆ.

ನಂಜನಗೂಡು, ನರಸೀಪುರ, ನಮ್ಮ ಈ ಎರಡೂ ತಾಲ್ಲೂಕುಗಳನ್ನು ಕಟ್ಟಿಹಾಕಿರುವ ರಸ್ತೆ ಒಂದೇ ಎಂಬುದು ಹಲವರ ಗಮನಕ್ಕೆ ಬಂದಿರಲಿಕ್ಕಿಲ್ಲ. ಕೋಯಿಕ್ಕೋಡಿನಲ್ಲಿ ಹೊರಟ ರಾಷ್ಟ್ರೀಯ ಹೆದ್ದಾರಿ 766 ವಯನಾಡು ಹತ್ತಿ, ಬಂಡೀಪುರ ಕಾಡು ದಾಟಿ, ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ನರಸೀಪುರ ಹಾಯ್ದು ಕೊಳ್ಳೇಗಾಲಕ್ಕೆ ಮುಟ್ಟುತ್ತದೆ. ಹಳಬರ ಬಾಯಲ್ಲಿ ಅದು ಇನ್ನೂ 212. ಮಂಡಕಳ್ಳಿಯ ವಿಮಾನ ನಿಲ್ದಾಣ ಇದರ ಮಗ್ಗುಲಲ್ಲಿದೆ, ಕಡಕೊಳದ ಬ್ಯಾತಹಳ್ಳಿಯಲ್ಲಿ ಮೋಟಾರ್ ಸೈಕಲ್ ಕಾರ್ಖಾನೆ ಇದೆ, ನಂಜನಗೂಡಿನ ಕೈಗಾರಿಕಾ ಪ್ರದೇಶದ ಲಾರಿಗಳು ಇದರಲ್ಲೇ ಓಡಾಡುತ್ತವೆ. ಶಿವರಾತ್ರಿ ಬಂತೆಂದರೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟವರು ಇದರ ಅಂಚಿನಲ್ಲಿ ಸಾಲುಗಟ್ಟುತ್ತಾರೆ. ಮೈಸೂರಿನಿಂದ ನಂಜನಗೂಡಿಗೆ ನಾಲ್ಕು ಪಥ. ನರಸೀಪುರದಿಂದ ಆಚೆಗೆ ಎದುರು ಬದುರು ಓಡುವ ಎರಡೇ ಪಥ.

ರೈಲಿನ ಕಡೆ ಮೊದಲು ನೋಡೋಣ, ಅಲ್ಲಿ ಕಲಿಯುವುದಿದೆ. ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಕಪಿಲೆಯ ಮೇಲೆ 1735ರಲ್ಲೇ ಕಟ್ಟಿದ್ದ ಕಲ್ಲಿನ ಸೇತುವೆಯ ಮೇಲೆ ಹಳಿ ಹಾಸಿದರು. ಒಂದೇ ಸೇತುವೆಯ ಮೇಲೆ ಬಂಡಿಯೂ ರೈಲೂ ಹೋಗುತ್ತಿದ್ದವು. ರೈಲು ಆ ಕಾಲಕ್ಕೆ ಹೊಚ್ಚ ಹೊಸ, ಭಯ ಹುಟ್ಟಿಸುವ ತಂತ್ರಜ್ಞಾನ. ಅಪಘಾತವಾದಾಗೆಲ್ಲ ಸರ್ಕಾರದ ತನಿಖಾಧಿಕಾರಿ ಬಂದು ಕಾರಣ ಬರೆಯಬೇಕೆಂಬ ಪದ್ಧತಿ ರೈಲಿನ ಜೊತೆಯಲ್ಲೇ ಬೆಳೆಯಿತು. 1941ರಲ್ಲಿ ಆ ಅಧಿಕಾರಿಗಳನ್ನು ರೈಲ್ವೆ ಮಂಡಳಿಯಿಂದಲೇ ಬೇರ್ಪಡಿಸಿದರು. ಇವತ್ತಿಗೂ ರೈಲ್ವೆ ಸುರಕ್ಷತಾ ಆಯುಕ್ತರು ಸೇರಿರುವುದು ನಾಗರಿಕ ವಿಮಾನಯಾನ ಸಚಿವಾಲಯಕ್ಕೆ. ಕೇಳಿದವರು ನಗುತ್ತಾರೆ, ಆದರೆ ಏರ್ಪಾಡಿನ ಹಿಂದೆ ವಿವೇಕವಿದೆ: ಗಾಡಿ ಓಡಿಸುವ ಇಲಾಖೆಯೇ ಗಾಡಿ ಯಾಕೆ ಬಿತ್ತೆಂದು ತೀರ್ಪು ಕೊಡಕೂಡದು.

ವಿಚಾರಣೆಯ ಕಡತಗಳು ಗುಡ್ಡೆ ಬಿದ್ದಾಗ ಅವುಗಳಿಂದ ತಂತ್ರಜ್ಞಾನ ಹುಟ್ಟಬಹುದು. ಚಾಲಕ ಕೆಂಪು ಸಿಗ್ನಲ್ ದಾಟಿ ಗುದ್ದಿದ ಪ್ರಕರಣಗಳು ವರದಿಗಳಲ್ಲಿ ಮತ್ತೆ ಮತ್ತೆ ಬಂದವು. ಮನುಷ್ಯನಿಗೆ ಕಣ್ಣು ತಪ್ಪುತ್ತದೆ, ಮಂಜು ಕವಿಯುತ್ತದೆ, ನಿದ್ದೆ ಬರುತ್ತದೆ. ಹಾಗಾಗಿ ಅವನು ಬ್ರೇಕು ಹಾಕದಿದ್ದರೆ ಗಾಡಿಯೇ ಹಾಕಿಕೊಳ್ಳಲಿ ಎಂಬ ಯೋಚನೆಯ ಮೇಲೆ ಲಖನೌದ ಆರ್‌ಡಿಎಸ್‌ಒ, ಅಂದರೆ ರೈಲ್ವೆಯ ಸ್ವಂತ ಸಂಶೋಧನಾ ಸಂಸ್ಥೆ, 'ಕವಚ'ವನ್ನು ರೂಪಿಸಿತು. ಅದರ ಕ್ಷೇತ್ರ ಪ್ರಯೋಗ ನಡೆದ ಹಳಿಗಳಲ್ಲಿ ನಮ್ಮ ವಾಡಿ, ಬೀದರ್ ಕಡೆಯವೂ ಸೇರಿದ್ದವು. 2016ರಲ್ಲಿ ಪ್ರಯಾಣಿಕರ ಗಾಡಿಯಲ್ಲಿ ಪರೀಕ್ಷೆ ಶುರುವಾಯಿತು, 2020ರಲ್ಲಿ ಅದನ್ನು ರಾಷ್ಟ್ರೀಯ ವ್ಯವಸ್ಥೆಯಾಗಿ ಒಪ್ಪಿದರು. ರೈಲ್ವೆ ಸುರಕ್ಷತೆಯ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ಲೆವೆಲ್ ಕ್ರಾಸಿಂಗ್‌ಗಳನ್ನು ತೆಗೆಯಿರಿ ಎಂದು ಒತ್ತಿ ಹೇಳಿತು. 2019ರ ಆರಂಭದ ಹೊತ್ತಿಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲುಗಾರನಿಲ್ಲದ ಗೇಟುಗಳು ಮುಗಿದವು. ರೈಲ್ವೆಯನ್ನು ಹೊಗಳಲು ಇದನ್ನು ಹೇಳುತ್ತಿಲ್ಲ, ಅಲ್ಲೂ ಕೆಲಸ ಬೇಕಾದಷ್ಟು ಬಾಕಿ ಇದೆ. ಆದರೆ ಸಾವಿನಿಂದ ಕಾರಣಕ್ಕೆ, ಕಾರಣದಿಂದ ಪರಿಹಾರಕ್ಕೆ ಹೋಗುವ ಹಾದಿ ಅಲ್ಲಿ ಸವೆದಿದೆ.

ರಸ್ತೆಯ ವಿಷಯಕ್ಕೆ ಬಂದರೆ, ಸಂಶೋಧನೆ ಇಲ್ಲ ಎನ್ನುವ ಹಾಗಿಲ್ಲ. ರಸ್ತೆ ಅಭಿವೃದ್ಧಿಯ ಜಯಕರ್ ಸಮಿತಿಯ ನಂತರ 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು, 1952ರಲ್ಲಿ ದೆಹಲಿಯಲ್ಲಿ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ತೆರೆಯಿತು. ಪಕ್ಕದ ಕನ್ನಂಬಾಡಿಯಲ್ಲೇ 1944ರಿಂದ ಸರ್ಕಾರದ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವಿದೆ. ನೀರು, ಅಣೆಕಟ್ಟು, ಮಣ್ಣಿನ ಪರೀಕ್ಷೆ ಅಲ್ಲಿ ನಡೆಯುತ್ತವೆ. ಹೆದ್ದಾರಿ ಎಂಜಿನಿಯರಿಂಗ್ ಕಲಿಸಿಕೊಂಡು ಬಂದ ನನ್ನಂಥವನು ಒಂದು ಮಾತು ಒಪ್ಪಲೇಬೇಕು: ನಮ್ಮ ವಿದ್ಯೆ ಬಹುಕಾಲ ರಸ್ತೆಯ ಮೈಯನ್ನೇ ನೋಡಿತು. ಜಲ್ಲಿ ಎಷ್ಟು ದಪ್ಪ, ಡಾಂಬರು ಎಷ್ಟು ಬಿಸಿ, ಲಾರಿಯ ಭಾರಕ್ಕೆ ಎಷ್ಟು ವರ್ಷ ಬಾಳುತ್ತದೆ. ಆ ರಸ್ತೆ ದಾಟುವ ಅಜ್ಜಿಗೆ ಎಷ್ಟು ಸೆಕೆಂಡು ಬೇಕು ಎಂಬುದು ಪರೀಕ್ಷೆಯ ಪ್ರಶ್ನೆಯಾಗಲು ತುಂಬ ತಡವಾಯಿತು.

ಅದನ್ನು ಗಟ್ಟಿ ದನಿಯಲ್ಲಿ ಕೇಳಿದವರಲ್ಲಿ ದೆಹಲಿ ಐಐಟಿಯ ದಿನೇಶ್ ಮೋಹನ್ ಮುಖ್ಯರು, 2021ರಲ್ಲಿ ತೀರಿಕೊಂಡರು. ಬಸ್ಸು, ಎತ್ತಿನಗಾಡಿ, ಸೈಕಲ್ಲು, ನಡೆಯುವವರು ಒಂದೇ ರಸ್ತೆಯಲ್ಲಿರುವ ನಮ್ಮಂಥ ದೇಶಕ್ಕೆ ಶ್ರೀಮಂತ ದೇಶಗಳ ಪರಿಹಾರಗಳನ್ನು ಹಾಗೇ ಎತ್ತಿಕೊಂಡು ಬರಲಾಗದು, ನಮ್ಮ ಗಾಯಗಳನ್ನು ನಾವೇ ಅಭ್ಯಾಸ ಮಾಡಬೇಕು ಎಂಬುದು ಅವರ ವಾದ. ಹರಿಯಾಣದ ಹಳ್ಳಿಗಳಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಬೆರಳು ಕೊಟ್ಟವರನ್ನು ಲೆಕ್ಕ ಹಾಕಿ, ಎಚ್ಚರಿಕೆಯ ಭಾಷಣ ಮಾಡುವ ಬದಲು ಯಂತ್ರದ ವಿನ್ಯಾಸ ತಿದ್ದಲು ಹೊರಟವರು ಅವರು. ನಮ್ಮ ಕಡೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಜಿ. ಗುರುರಾಜ್ ಮತ್ತು ಅವರ ಸಹೋದ್ಯೋಗಿಗಳು ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆಗೆ ಬಂದವರ ಮಾಹಿತಿಯನ್ನು ವರ್ಷಗಟ್ಟಲೆ ಜೋಡಿಸಿದರು. ಠಾಣೆಯ ಪುಸ್ತಕಕ್ಕಿಂತ ಆಸ್ಪತ್ರೆಯ ಪುಸ್ತಕದಲ್ಲಿ ಗಾಯಾಳುಗಳು ಎಷ್ಟೋ ಹೆಚ್ಚು ಎಂಬುದು ಇಂಥ ಕೆಲಸದಿಂದಲೇ ಜನಕ್ಕೆ ಗೊತ್ತಾದದ್ದು. ಇಸವಿ 2016ರಲ್ಲಿ ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದಾಗ ಬೈದವರಲ್ಲಿ ನನ್ನ ನೆಂಟರೂ ಇದ್ದರು. ಬೈಯುವವರಿಗೆ ತೋರಿಸಲು ಆ ಲೆಕ್ಕಗಳಾದರೂ ಇದ್ದವು.

ಲೆಕ್ಕದ ಮಾತು ಬಂತು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಕರ್ನಾಟಕದಲ್ಲಿ 11,702. ದೇಶದಲ್ಲಿ ಸತ್ತವರಲ್ಲಿ ದ್ವಿಚಕ್ರ ಸವಾರರೇ ಶೇ. 44.5, ನಡೆದು ಹೋಗುತ್ತಿದ್ದವರು ಶೇ. 19.5. ಒಟ್ಟು ರಸ್ತೆಯ ಉದ್ದದಲ್ಲಿ ಶೇ. 2ರ ಆಸುಪಾಸಿನಲ್ಲಿರುವ ರಾಷ್ಟ್ರೀಯ ಹೆದ್ದಾರಿಗಳ ಮೇಲೆ ಶೇ. 36ರಷ್ಟು ಸಾವು. ಇಷ್ಟನ್ನು ನಂಬಬಹುದು. ಕಾರಣದ ಪುಟಕ್ಕೆ ಬಂದಾಗ ನನಗೆ ಅನುಮಾನ ಶುರುವಾಗುತ್ತದೆ. ಶೇ. 71ರಷ್ಟು ಸಾವಿಗೆ ಅತಿವೇಗ ಕಾರಣವೆಂದು ಅಲ್ಲಿದೆ. ವೇಗ ಕೊಲ್ಲುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಅಂಕಿ ಹುಟ್ಟುವ ಜಾಗ ನೋಡಿ. ಮೈಸೂರು ಜಿಲ್ಲೆಯ ಯಾವುದೇ ಕೋರ್ಟಿನಲ್ಲಿ ಒಂದು ಎಂವಿಸಿ, ಅಂದರೆ ಅಪಘಾತ ಪರಿಹಾರದ, ಕಡತ ಬಿಚ್ಚಿದರೂ "ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿ" ಎಂಬ ಸಾಲು ಅಚ್ಚು ಹಾಕಿದಂತೆ ಸಿಗುತ್ತದೆ. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವಲ್ಲ ಎಂದಿರುತ್ತದೆ. ರಸ್ತೆಗೆ ಹೇಳಿಕೆ ಕೊಡಲು ಬರುವುದಿಲ್ಲ, ಹಾಗಾಗಿ ಅದನ್ನು ಯಾರೂ ಕೇಳುವುದಿಲ್ಲ. ದೇಶದ ಅಪಘಾತಗಳಲ್ಲಿ ಮೂರರಲ್ಲಿ ಎರಡು ನೆಟ್ಟಗಿರುವ ರಸ್ತೆಯಲ್ಲಾಗುತ್ತವೆ ಎಂದೂ ಅದೇ ವರದಿ ಹೇಳುತ್ತದೆ. ನೆಟ್ಟಗಿನ ರಸ್ತೆ ಯಾಕೆ ವೇಗಕ್ಕೆ ಕರೆಯಿತು, ಊರು ಶುರುವಾಯಿತು ಎಂದು ಅದು ಚಾಲಕನಿಗೆ ಯಾಕೆ ತಿಳಿಸಲಿಲ್ಲ ಎಂಬ ಪ್ರಶ್ನೆ ಅಲ್ಲೇ ನಿಂತುಬಿಡುತ್ತದೆ.

ಅಮೆರಿಕದಲ್ಲಿ 1966ರಲ್ಲಿ ರಸ್ತೆ ಸುರಕ್ಷತೆಯ ಸರ್ಕಾರಿ ಸಂಸ್ಥೆ ಶುರುವಾದಾಗ ಅದರ ಮೊದಲ ಮುಖ್ಯಸ್ಥನಾಗಿ ಬಂದವನು ವಿಲಿಯಂ ಹ್ಯಾಡನ್ ಎಂಬ ವೈದ್ಯ. ರೋಗವನ್ನು ನೋಡುವ ಕಣ್ಣಿನಿಂದಲೇ ಅಪಘಾತವನ್ನು ನೋಡಿದ. ಗುದ್ದುವ ಮುಂಚೆ, ಗುದ್ದುವಾಗ, ಗುದ್ದಿದ ಮೇಲೆ ಎಂದು ಮೂರು ಹೊತ್ತು ಮಾಡಿ, ಒಂದೊಂದು ಹೊತ್ತಿನಲ್ಲೂ ಮನುಷ್ಯ, ವಾಹನ, ಸುತ್ತಲಿನ ಪರಿಸರ ಏನು ಮಾಡಿದವು ಎಂದು ಕೋಷ್ಟಕ ಹಾಕಿದ. 1975ರಿಂದ ಅಲ್ಲಿ ಸಾವಾದ ಪ್ರತಿ ರಸ್ತೆ ಅಪಘಾತದ ವಿವರ ಒಂದೇ ದಾಖಲೆಗೆ ಸೇರುತ್ತಿದೆ. ಕಾರಿನ ಸೀಟುಬೆಲ್ಟು, ಗಾಳಿಚೀಲಗಳ ವಾದವಿವಾದವೆಲ್ಲ ಇಂಥ ದಾಖಲೆಯನ್ನು ಮುಂದಿಟ್ಟುಕೊಂಡೇ ನಡೆದವು.

ನಮ್ಮಲ್ಲಿ ಅಂಥ ದಾಖಲೆಗೆ ಕಾನೂನಿನ ಅಡ್ಡಿ ಇತ್ತೇ ಎಂದರೆ ಇರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 135ನೇ ಕಲಮು ಅಪಘಾತದ ಕಾರಣಗಳ ಆಳವಾದ ಅಧ್ಯಯನಕ್ಕೆ ಯೋಜನೆ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಅಂದೇ ಕೊಟ್ಟಿದೆ. 2019ರ ತಿದ್ದುಪಡಿಯಲ್ಲಿ ಕೇಂದ್ರಕ್ಕೂ ಅದೇ ಅಧಿಕಾರ ಬಂತು. ಅದೇ ತಿದ್ದುಪಡಿಯ 198ಎ ಕಲಮಿನಂತೆ, ವಿನ್ಯಾಸ ಅಥವಾ ನಿರ್ವಹಣೆಯ ಮಾನದಂಡ ಪಾಲಿಸದೆ ಸಾವುನೋವಿಗೆ ಕಾರಣವಾದ ಪ್ರಾಧಿಕಾರ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು. ಆದರೆ ರಸ್ತೆಯೇ ಕಾರಣವೆಂದು ಬರೆಯಲು ಯಾರೂ ಇಲ್ಲದಿದ್ದರೆ ಆ ಕಲಮಿಗೆ ಕೈಕಾಲು ಎಲ್ಲಿಂದ ಬರಬೇಕು?

ಇತ್ತೀಚೆಗೆ ನಡೆದಿರುವ ಬಹಳ ದೊಡ್ಡ ಕೆಲಸವೆಂದರೆ ಐರ್‍ಯಾಡ್ ಎಂಬ ಅಪಘಾತ ದಾಖಲೆಯ ವ್ಯವಸ್ಥೆ, ಈಗಿನ ಹೆಸರು ಇ-ಡಾರ್. ವಿಶ್ವಬ್ಯಾಂಕಿನ ನೆರವಿನ, 258 ಕೋಟಿ ರೂಪಾಯಿಯ ಯೋಜನೆ. ಮದ್ರಾಸ್ ಐಐಟಿ ರೂಪಿಸಿತು, ಎನ್‌ಐಸಿ ಜಾರಿಗೆ ತಂದಿತು. ಮೊದಲು ಆರಿಸಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪೊಲೀಸರು ಅಪಘಾತದ ಸ್ಥಳದಲ್ಲೇ ಮೊಬೈಲಿನಲ್ಲಿ ವಿವರ, ಚಿತ್ರ ತುಂಬುತ್ತಾರೆ, ಜಾಗದ ಗುರುತು ತಾನಾಗಿ ಕೂರುತ್ತದೆ, ಪ್ರಕರಣಕ್ಕೊಂದು ಸಂಖ್ಯೆ ಹುಟ್ಟುತ್ತದೆ. ಅದೇ ಸಂಖ್ಯೆಯ ಮೇಲೆ ರಸ್ತೆಯ ಎಂಜಿನಿಯರು, ಸಾರಿಗೆ ಇಲಾಖೆ, ಆಸ್ಪತ್ರೆಯವರು ತಮ್ಮ ತಮ್ಮ ಭಾಗ ಸೇರಿಸುತ್ತಾರೆ. ಸ್ವಯಂಚಾಲಿತ ಕಾರು, ಮಾತಾಡುವ ಕಾರು ಎಂದು ಪತ್ರಿಕೆಗಳು ಪುಟ ತುಂಬಿಸುವಾಗ ಈ ಫಾರಂ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ರಸ್ತೆಗೆ ಬಂದಿರುವ ಹೊಸ ತಂತ್ರಜ್ಞಾನಗಳಲ್ಲಿ ಬಹಳ ಬೆಲೆಯುಳ್ಳದ್ದು ಇದೇ ಎಂದು ನನ್ನ ಅಭಿಪ್ರಾಯ. ನಾಲ್ಕು ಇಲಾಖೆಗಳು ಒಂದೇ ಸಾವಿನ ಬಗ್ಗೆ ಒಂದೇ ಕಡೆ ಬರೆಯುವುದು ಈ ದೇಶದಲ್ಲಿ ಸಣ್ಣ ಸಂಗತಿಯಲ್ಲ.

ಆದರೆ ಫಾರಂ ತನ್ನಲ್ಲಿರುವ ಕಾಲಂಗಳಷ್ಟನ್ನೇ ಕಾಣುತ್ತದೆ. ಕಾಲಂನಲ್ಲಿ ಹಿಡಿಯದ ನಮ್ಮ ರಸ್ತೆಯ ಕೆಲವು ಸಂಗತಿಗಳನ್ನು ಹೇಳುತ್ತೇನೆ, ನಿಮಗೆಲ್ಲ ಗೊತ್ತಿರುವವೇ.

ಹುರುಳಿ ಒಕ್ಕಣೆ. ಕಿತ್ತ ಹುರುಳಿಯನ್ನು ಡಾಂಬರಿನ ಮೇಲೆ ಹರಡಿದರೆ ಬಸ್ಸು, ಕಾರುಗಳೇ ಒಕ್ಕಿಕೊಡುತ್ತವೆ, ಆಳಿನ ಖರ್ಚು ಉಳಿಯುತ್ತದೆ. ಬೈಕಿನವನು ಅದರ ಮೇಲೆ ಬ್ರೇಕು ಹಾಕಿದರೆ ಎಣ್ಣೆಯ ಮೇಲೆ ಕಾಲಿಟ್ಟ ಹಾಗೆ. ಕಾರಿನ ಅಡಿಯಲ್ಲಿ ಬಳ್ಳಿ ಸುತ್ತಿಕೊಂಡು, ಸೈಲೆನ್ಸರಿನ ಕಾವಿಗೆ ಹೊತ್ತಿ, ಕಾರೇ ಉರಿದುಹೋದ ಸುದ್ದಿಯನ್ನು ಮೈಸೂರು, ಚಾಮರಾಜನಗರದ ಪತ್ರಿಕೆಗಳಲ್ಲಿ ಓದಿಯೇ ಇರುತ್ತೀರಿ. ಬರ್ಲಿನ್ನಿನಲ್ಲೋ ಡೆಟ್ರಾಯಿಟ್ಟಿನಲ್ಲೋ ಕೂತು ಅಪಘಾತದ ಕೋಷ್ಟಕ ಮಾಡುವವನ ಕನಸಿಗೂ ಇದು ಬರುವುದಿಲ್ಲ. ರೈತನ ಮೇಲೆ ಕೇಸು ಹಾಕುತ್ತೇವೆಂದು ಹೆದರಿಸುವುದು ಪೊಲೀಸರ ಮಾಮೂಲು ದಾರಿ. ರೈತ ರಸ್ತೆಗೆ ಬಂದದ್ದು ಕಣ ಇಲ್ಲದ್ದಕ್ಕೆ. ಹೊಲ ಚೂರಾಯಿತು, ಕಣದ ಜಾಗದಲ್ಲಿ ಮನೆ ಎದ್ದಿತು, ಎತ್ತು ಹೋಯಿತು. ಯಾರಾದರೂ ಕೂತು ಕಾರಣ ಬರೆದರೆ ಪರಿಹಾರ ಹೆದ್ದಾರಿ ಇಲಾಖೆಯಲ್ಲಿ ಸಿಗುವುದಿಲ್ಲ, ಗ್ರಾಮ ಪಂಚಾಯಿತಿ ಕಟ್ಟಿಸುವ ಒಂದು ಒಕ್ಕಣೆ ಕಣದಲ್ಲಿ ಸಿಗುತ್ತದೆ. ದಿನೇಶ್ ಮೋಹನ್ ಮೇವಿನ ಯಂತ್ರದಲ್ಲಿ ಕಂಡದ್ದು ಇಂಥದ್ದನ್ನೇ.

ಕಬ್ಬಿನ ಟ್ರಾಕ್ಟರು. ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ. ಅರೆಯುವ ಹಂಗಾಮಿನಲ್ಲಿ ಎರಡೆರಡು ಟ್ರೈಲರು ಕಟ್ಟಿಕೊಂಡ ಟ್ರಾಕ್ಟರುಗಳು ರಾತ್ರಿಯೆಲ್ಲ ಸಾಗುತ್ತವೆ. ಕಬ್ಬಿನ ಜಲ್ಲೆ ಟ್ರೈಲರಿನ ಆಚೆಗೆ ಚಾಚಿರುತ್ತದೆ. ಹಿಂದಿನ ದೀಪ ಇರುವುದಿಲ್ಲ, ಇದ್ದರೂ ಸೋಗೆ ಮುಚ್ಚಿರುತ್ತದೆ. ಹಿಂದಿನಿಂದ ಗುದ್ದಿದ ಬೈಕ್ ಸವಾರನ ಎಫ್‌ಐಆರ್‌ನಲ್ಲಿ ಅತಿವೇಗ ಬರುತ್ತದೆ. ಟ್ರೈಲರಿಗೆ ಒಂದು ಪಟ್ಟಿ ಪ್ರತಿಫಲಕ ಇರಲಿಲ್ಲ ಎಂಬುದು ಬರಲೂಬಹುದು, ಬರದೆಯೂ ಇರಬಹುದು.

ಇನ್ನು ಮಲ್ಲನಮೂಲೆ. ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ಅಲ್ಲಿ ಹೆದ್ದಾರಿ ಮುಳುಗುತ್ತದೆ. 2018, 2019ರಲ್ಲಿ ನಂಜನಗೂಡು ಮೈಸೂರಿನ ನಡುವೆ ವಾಹನ ನಿಲ್ಲಿಸಿ ಬಳಸು ದಾರಿ ಹಿಡಿಸಿದರು. ಆ ದಿನಗಳಲ್ಲಿ ಹೆದ್ದಾರಿಯ ಭಾರವೆಲ್ಲ ಹಳ್ಳಿಯ ಕಿರುರಸ್ತೆಗಳ ಮೇಲೆ ಬೀಳುತ್ತದೆ. ಅಲ್ಲಿ ಆಗುವ ಅಪಘಾತ ನೆರೆಯ ಲೆಕ್ಕಕ್ಕೂ ಸೇರುವುದಿಲ್ಲ, ಹೆದ್ದಾರಿಯ ಲೆಕ್ಕಕ್ಕೂ ಇಲ್ಲ.

'ಬ್ಲ್ಯಾಕ್ ಸ್ಪಾಟ್' ಎಂಬ ವ್ಯವಸ್ಥೆ ಇದೆಯಲ್ಲ ಎನ್ನುತ್ತೀರಿ. ಇದೆ. ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಕ್ಕೆ ಸಾವು ಅಥವಾ ಗಂಭೀರ ಗಾಯದ 5 ಅಪಘಾತಗಳು, ಇಲ್ಲವೇ ಒಟ್ಟು 10 ಸಾವು ಆಗಿರಬೇಕು. ಆಗ ಆ ಜಾಗವನ್ನು ಸರಿಪಡಿಸಲು ತೆಗೆದುಕೊಳ್ಳುತ್ತಾರೆ. ಕುರುಬೂರಿನ ಆ ಒಂದು ಕ್ಷಣ ಮೂರು ವರ್ಷದ ಕೋಟಾವನ್ನು ಒಟ್ಟಿಗೇ ತುಂಬಿಸಿತು. ಸರ್ಕಾರಿ ನಿಯಮ ಹೀಗೆ ಹೆಣ ಎಣಿಸಿಕೊಂಡು ಕಾಯುವುದನ್ನು ಸಂಶೋಧನೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಸಾವಾಗುವ ಮುಂಚೆಯೇ ರಸ್ತೆಗೆ ಅಂಕ ಕೊಡುವ ವಿಧಾನ ಇದೆ. ಐರ್‍ಯಾಪ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ರಸ್ತೆಯುದ್ದಕ್ಕೂ ಚಿತ್ರ ತೆಗೆದು, ಅಂಚಿನ ಮರ, ತಿರುವು, ಕಾಲುದಾರಿ ನೋಡಿ ನಕ್ಷತ್ರ ಕೊಡುತ್ತದೆ. ಕರ್ನಾಟಕದ ಕೆಲವು ರಸ್ತೆಗಳನ್ನೂ ಅದು ಅಳೆದಿದೆ.

ಒಂದು ಕಹಿ ಹೋಲಿಕೆ ಹೇಳದೆ ಇರಲಾರೆ. ಇದೇ 766ರ ಬಂಡೀಪುರದ ಭಾಗದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆ ಇದೆ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳ ಆದೇಶ ಬಂತು, 2010ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಕೇರಳದ ವಿರೋಧ ಬಂದರೂ ತಡೆ ನಿಂತದ್ದಕ್ಕೆ ಒಂದು ಕಾರಣ, ಚಕ್ರಕ್ಕೆ ಸಿಕ್ಕಿ ಸತ್ತ ಪ್ರಾಣಿಗಳ ಲೆಕ್ಕ ಇತ್ತು. ಯಾವ ಪ್ರಾಣಿ, ಎಲ್ಲಿ, ಯಾವ ಹೊತ್ತಿನಲ್ಲಿ ಎಂದು ಬರೆದಿಟ್ಟವರಿದ್ದರು. ಜಿಂಕೆಗೂ ಚಿರತೆಗೂ ಸಿಕ್ಕ ಈ ಗುಮಾಸ್ತಿಕೆ ಅದೇ ಹೆದ್ದಾರಿಯ ಕೆಳಭಾಗದಲ್ಲಿ ನಡೆದು ಹೋಗುವ ಮನುಷ್ಯನಿಗೆ ಸಿಕ್ಕಿಲ್ಲ. ಕಾಡಿನ ತಡೆ ತಪ್ಪೆಂದು ನಾನು ಹೇಳುತ್ತಿಲ್ಲ, ಅದು ಸರಿಯಾಗಿಯೇ ಇದೆ.

ಈಗ ಹೊಸ ಯಂತ್ರಗಳ ವಿಷಯ; ಬೇಗ ಹೇಳಿ ಮುಗಿಸುತ್ತೇನೆ. ಕಾರುಗಳಿಗೆ ಗುದ್ದಿಸಿ ನೋಡಿ ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್ 2023ರಲ್ಲಿ ಜಾರಿಗೆ ಬಂತು. ಬ್ಯಾಟರಿ ಸ್ಕೂಟರುಗಳಿಗೆ ಬೆಂಕಿ ಹತ್ತಿದ 2022ರ ಗಲಾಟೆಯ ನಂತರ ಹೈದರಾಬಾದಿನ ಸರ್ಕಾರಿ ವಿಜ್ಞಾನಿಯೊಬ್ಬರ ನೇತೃತ್ವದ ಸಮಿತಿ ಕೂತು, ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿಯಾಯಿತು. ಕಾರಣ ಕೇಳುವವರು ಇದ್ದರೆ ಎಷ್ಟು ಬೇಗ ಕೆಲಸವಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್ ಬ್ರೇಕು 2018–19ರಲ್ಲಿ ಕಡ್ಡಾಯವಾಯಿತು, ಎಲ್ಲ ದ್ವಿಚಕ್ರಗಳಿಗೂ ಅದನ್ನು ತರುವ ಕರಡು 2025ರಲ್ಲಿ ಹೊರಬಂತು. ಸತ್ತವರಲ್ಲಿ ಅರ್ಧದ ಹತ್ತಿರ ದ್ವಿಚಕ್ರದವರು ಇರುವಾಗ ಇದಕ್ಕಿಂತ ಉಪಯೋಗದ ಯಂತ್ರ ಇನ್ನೊಂದಿಲ್ಲ. ಬೆಲೆ ಏರುತ್ತದೆ ಎಂಬ ಗೊಣಗಾಟವನ್ನು ಸರ್ಕಾರ ಕೇಳಬಾರದು.

ಬಸ್ಸು, ಲಾರಿಗಳಿಗೆ ತಾನಾಗಿ ಬ್ರೇಕು ಹಾಕುವ, ಚಾಲಕ ತೂಕಡಿಸಿದರೆ ಎಬ್ಬಿಸುವ, ಪಥ ಬಿಟ್ಟರೆ ಕಿರುಚುವ ಸಾಧನಗಳ ಕರಡು ನಿಯಮವೂ 2025ರಲ್ಲಿ ಬಂದಿದೆ. ತೂಕಡಿಕೆ ಹಿಡಿಯುವ ಸಾಧನ ನಮಗೆ ಬೇಕೇ ಬೇಕು. ಪಥದ ಎಚ್ಚರಿಕೆ ಕೊಡುವ ಕ್ಯಾಮೆರಾ ಮಾತ್ರ ರಸ್ತೆಯ ಬಿಳಿ ಗೆರೆಯನ್ನು ಓದಿ ಕೆಲಸ ಮಾಡುತ್ತದೆ. ಗೆರೆ ಅಳಿಸಿಹೋದ, ಡಾಂಬರಿನ ಅಂಚು ಕಿತ್ತು ಮಣ್ಣಿಗೆ ಇಳಿದಿರುವ ಎರಡು ಪಥದ ರಸ್ತೆಯಲ್ಲಿ ಅದು ಏನನ್ನು ಓದಬೇಕು? ಸೋಗೆ ಮುಚ್ಚಿದ ಕಬ್ಬಿನ ಟ್ರೈಲರನ್ನು ರಾತ್ರಿಯಲ್ಲಿ ರಾಡಾರು ವಾಹನವೆಂದು ಗುರುತಿಸುತ್ತದೆಯೇ? ಪರೀಕ್ಷಾ ಪಥದ ಮೇಲೆ ನಡೆದದ್ದು ಸಾಲದು. ಇಂದೋರಿನ ಬಳಿಯ ವಿಶಾಲ ಪರೀಕ್ಷಾ ಮೈದಾನದಿಂದ ಒಂದು ಬಸ್ಸನ್ನು ತಂದು, ಅರೆಯುವ ಹಂಗಾಮಿನ ಒಂದು ತಿಂಗಳು ನಂಜನಗೂಡು, ಹುಲ್ಲಹಳ್ಳಿ, ನರಸೀಪುರ, ಮೂಗೂರು ಸುತ್ತಿಸಲಿ. ಸಾಧನ ಸುಮ್ಮನೆ ಕಿರುಚಿದ್ದೆಷ್ಟು, ಕಿರುಚಬೇಕಾದಾಗ ಸುಮ್ಮನಿದ್ದದ್ದೆಷ್ಟು ಎಂದು ಬರೆದು ಪ್ರಕಟಿಸಲಿ.

ಇಂಥ ಪ್ರಯೋಗಕ್ಕೆ ನಮ್ಮ ಜಿಲ್ಲೆ ಹೊಸದೇನಲ್ಲ. 2012ರಲ್ಲಿ ಮೈಸೂರಿನ ನಗರ ಸಾರಿಗೆ ಬಸ್ಸುಗಳಿಗೆ 'ಮಿತ್ರ' ಎಂಬ ಹೆಸರಿನಲ್ಲಿ ಜಿಪಿಎಸ್ ಕೂರಿಸಿ, ಬಸ್ಸು ಬರುವ ಹೊತ್ತನ್ನು ನಿಲ್ದಾಣದ ಫಲಕದಲ್ಲಿ ತೋರಿಸಿದರು. ಕೆಎಸ್‌ಆರ್‌ಟಿಸಿ, ಕೇಂದ್ರ ಸರ್ಕಾರ, ವಿಶ್ವಬ್ಯಾಂಕು ಸೇರಿ ಮಾಡಿದ ಕೆಲಸ, ದೇಶದಲ್ಲೇ ಮೊದಮೊದಲಿನದು. ಅದರ ಗುರಿ ಅನುಕೂಲವಾಗಿತ್ತು. ಅದೇ ಜಿಪಿಎಸ್ ಬಸ್ಸು ಎಲ್ಲಿ ಗಕ್ಕನೆ ಬ್ರೇಕು ಹಾಕಿತು ಎಂಬುದನ್ನೂ ಹೇಳಬಲ್ಲದು. ಅಪಘಾತ ಆಗಿಲ್ಲ, ಆಗುವುದರಲ್ಲಿತ್ತು ಎಂಬ ಜಾಗಗಳ ಪಟ್ಟಿ ಅದರೊಳಗೆ ಕೂತಿದೆ, ಯಾರಾದರೂ ತೆಗೆಯಬೇಕು.

ಕರ್ನಾಟಕದಲ್ಲಿ ಗೆದ್ದ ಪ್ರಯೋಗ ಯಾವುದೆಂದು ಕೇಳಿದರೆ ನಾನು ಬೆಳಗಾವಿ–ಯರಗಟ್ಟಿ ರಸ್ತೆಯನ್ನು ತೋರಿಸುತ್ತೇನೆ. ಸುಮಾರು 62 ಕಿಲೋಮೀಟರ್. ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆಯಲ್ಲಿ ಅದನ್ನು ಸುರಕ್ಷತೆಯ ಮಾದರಿ ರಸ್ತೆಯಾಗಿ ಆರಿಸಿ, ಲೋಕೋಪಯೋಗಿ, ಪೊಲೀಸ್, ಸಾರಿಗೆ, ಆರೋಗ್ಯ ಇಲಾಖೆಗಳನ್ನು ಒಟ್ಟಿಗೆ ಕೂರಿಸಿದರು. ಕೂಡುರಸ್ತೆ ತಿದ್ದಿದರು, ವೇಗ ಹಿಡಿಯುವ ಗಸ್ತು ಹಾಕಿದರು, ಆಂಬುಲೆನ್ಸು, ಚಿಕಿತ್ಸೆಯ ಏರ್ಪಾಡು ಮಾಡಿದರು. ಸಾವು ಅರ್ಧಕ್ಕಿಂತ ಹೆಚ್ಚು ಇಳಿಯಿತೆಂದು ವಿಶ್ವಬ್ಯಾಂಕು ಬರೆದುಕೊಂಡಿದೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಅನುಭವವೂ ಇದೆ. 2023ರ ಮಾರ್ಚಿನಲ್ಲಿ ಉದ್ಘಾಟನೆ, ಬೆನ್ನಿಗೇ ಸಾವಿನ ಸರಮಾಲೆ. ಆಗಸ್ಟಿನಿಂದ ಬೈಕು, ಆಟೋ, ಟ್ರಾಕ್ಟರಿಗೆ ಪ್ರವೇಶವಿಲ್ಲ. ಆಮೇಲೆ ವೇಗದ ಕ್ಯಾಮೆರಾಗಳು ಬಂದವು, ಸಾವು ಚೆನ್ನಾಗಿ ಇಳಿಯಿತು. ಇದನ್ನು ನಮ್ಮ 766ಕ್ಕೆ ಹಾಗೇ ಅಂಟಿಸಲು ಬರುವುದಿಲ್ಲ. ನರಸೀಪುರದ ರಸ್ತೆಯಿಂದ ಬೈಕು, ಟ್ರಾಕ್ಟರನ್ನು ತೆಗೆದರೆ ಅಲ್ಲಿ ಉಳಿಯುವುದೇನು? ಅದು ಊರಿನವರದೇ ರಸ್ತೆ. ನಮಗೆ ಸಲ್ಲುವುದು ಯರಗಟ್ಟಿಯ ಮಾದರಿ.

ಹಾಗಾದರೆ ಮಾಡಬೇಕಾದ್ದು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಈಗಾಗಲೇ ಇದೆ. 135ನೇ ಕಲಮಿನಡಿ ರಾಜ್ಯ ಒಂದು ಯೋಜನೆ ಹೊರಡಿಸಿ, ಒಬ್ಬರೇ ಸತ್ತರೂ ಸರಿ, ಪ್ರತಿ ಸಾವಿಗೂ ಕಾರಣದ ವರದಿ ಆಗಬೇಕೆಂದು ಆ ಸಮಿತಿಗೆ ಹೇಳಲಿ. ವರದಿ ಬರೆಯುವ ತಂಡದಲ್ಲಿ ಆ ರಸ್ತೆಯನ್ನು ಕಟ್ಟಿಸಿದ ಇಲಾಖೆಯ ಎಂಜಿನಿಯರು ಇರಬಾರದು. ಮೈಸೂರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ, ಸಾರಿಗೆ ಓದಿದ ಮೇಷ್ಟ್ರು ಒಬ್ಬರನ್ನು ಕರೆಯಲಿ. ಜೊತೆಗೆ ಶವಪರೀಕ್ಷೆ ಮಾಡಿದ ಅಥವಾ ಗಾಯಾಳುವನ್ನು ನೋಡಿದ ವೈದ್ಯರು, ಒಬ್ಬ ಬಸ್ ಚಾಲಕ, ಆ ಊರಿನ ಒಬ್ಬರು. ಹ್ಯಾಡನ್ನನ ಮೂರು ಹೊತ್ತಿನ ಕೋಷ್ಟಕ ಒಂದೇ ಹಾಳೆಯಲ್ಲಿ ಹಿಡಿಯುತ್ತದೆ. ಅಲ್ಲಿ ಹೇಳಿದ್ದನ್ನು ಕ್ರಿಮಿನಲ್ ಕೇಸಿಗೆ ಸಾಕ್ಷ್ಯವಾಗಿ ಬಳಸಕೂಡದು, ಇಲ್ಲದಿದ್ದರೆ ಯಾರೂ ನಿಜ ಹೇಳುವುದಿಲ್ಲ. ವರದಿ ಕನ್ನಡದಲ್ಲಿರಲಿ, ಆಯಾ ಗ್ರಾಮ ಪಂಚಾಯಿತಿಯ ಫಲಕಕ್ಕೆ ಹಾಕಲಿ, ಇ-ಡಾರ್‌ನ ಅದೇ ಸಂಖ್ಯೆಗೆ ಸೇರಿಸಲಿ. ದೆಹಲಿ, ಮದ್ರಾಸಿನ ಸಂಶೋಧಕರಿಗೆ ಆಗ ಹುರುಳಿಯೂ ಸೋಗೆಯೂ ಕಾಣಿಸುತ್ತವೆ.

ಇದಕ್ಕೆ ಕಾಯದೆ ಮಾಡಬಹುದಾದ ಕೆಲಸವೂ ಒಂದಿದೆ. ಕಬ್ಬು ಅರೆಯುವ ಹಂಗಾಮು ಶುರುವಾಗುವ ಮುಂಚೆ ಕಾರ್ಖಾನೆಯ ಗೇಟಿನಲ್ಲೇ ಪ್ರತಿ ಟ್ರೈಲರಿನ ಹಿಂಬದಿಗೆ ಪ್ರತಿಫಲಕ ಪಟ್ಟಿ ಅಂಟಿಸಿ, ಪಟ್ಟಿಯಿಲ್ಲದ ಟ್ರೈಲರನ್ನು ತೂಕಕ್ಕೆ ಬಿಡದಿರುವುದು. ಸಭೆಯಲ್ಲಿ ಕಬ್ಬು ಬೆಳೆಗಾರರು ಇದ್ದೀರಿ, ಟ್ರಾಕ್ಟರ್ ಮಾಲೀಕರೂ ಇದ್ದೀರಿ ಎಂದು ಕೇಳಿದೆ. ಇದರಲ್ಲಿ ತೊಡಕೇನಿದೆ ಎಂದು ನೀವೇ ಹೇಳಬೇಕು. ಚರ್ಚೆಗೆ ಅರ್ಧ ಗಂಟೆ ಕೊಟ್ಟಿದ್ದಾರೆ, ಮೊದಲು ನೀವೇ ಮಾತಾಡಿ.